ಅಪ್ಪನ ಕೆಲಸದ ಕೋಟಿನ ಮಾದರಿಯಲ್ಲಿ ಡೆನಿಮ್ ವೇಸ್ಟ್‌ಕೋಟ್

ಪ್ರಶ್ನೆ (ಬಳ್ಳಾರಿ):
ನಮ್ಮ ತಂದೆಯವರು ಸಿರಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುವಾಗ ತೊಡುತ್ತಿದ್ದ, ನಾಲ್ಕು ಕಿಸೆಗಳ ತೋಳಿಲ್ಲದ ಕೋಟೊಂದು ಇಂದಿಗೂ ನಮ್ಮ ಮನೆಯಲ್ಲಿದೆ. ಪೆನ್ಸಿಲ್ ಸಿಕ್ಕಿಸಿ ಸಿಕ್ಕಿಸಿ ಅದರ ಎಡಗಿಸೆಯ ಅಂಚು ಸವೆದು ಬೆಳ್ಳಗಾಗಿದೆ. ಅದೇ ಮಾದರಿಯಲ್ಲಿ, ಕಚೇರಿಗೂ ಮದುವೆಗೂ ಒಪ್ಪುವಂತಹ ಡೆನಿಮ್ ವೇಸ್ಟ್‌ಕೋಟ್ ಹೊಲಿಸಬೇಕೆಂದಿದ್ದೇನೆ. ಎಂತಹ ಬಟ್ಟೆ ಕೊಳ್ಳಬೇಕು, ಒಳಗೆ ಲೈನಿಂಗ್ ಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಉತ್ತರ (ದರ್ಜಿ, ಕೌಲ್ ಬಜಾರ್):
ಹಳೆಯ ಕೋಟನ್ನು ದಯವಿಟ್ಟು ಬಿಚ್ಚಬೇಡಿ. ಕಾಗದದ ಮೇಲೆ ಹರಡಿ ಅಳತೆ ತೆಗೆದರೆ ಸಾಕು. ಪ್ಯಾಂಟಿಗೆ ಬಳಸುವ 12–14 ಔನ್ಸಿನ (ಒಂದು ಚದರ ಗಜ ಬಟ್ಟೆಯ ತೂಕ) ದಪ್ಪ ಡೆನಿಮ್ ನಮ್ಮ ಬಿಸಿಲಿಗೆ ಹೊರೆಯಾಗುತ್ತದೆ, ಆದ್ದರಿಂದ 7–8 ಔನ್ಸಿನದನ್ನೇ ಕೊಳ್ಳಿ. ತೊಳೆಯದ ಡೆನಿಮ್ ಕುಗ್ಗುವುದರಿಂದ ಕತ್ತರಿ ಹಾಕುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಈ ಒಂದು ಕೆಲಸವನ್ನು ಬಿಟ್ಟು ನಾನು ಹಿಂದೊಮ್ಮೆ ಗಿರಾಕಿಯ ಬಟ್ಟೆಯನ್ನೇ ಕೆಡಿಸಿದ್ದೇನೆ. ಪೂರ್ತಿ ಲೈನಿಂಗ್ ಬೇಡ, ಒಳಹೊಲಿಗೆಯ ಅಂಚುಗಳನ್ನು ಹತ್ತಿಯ ಪಟ್ಟಿಯಿಂದ ಮುಚ್ಚಿಸಿ.

ಉತ್ತರ (ಕೊಪ್ಪಳ):
ಕಿಸೆಯ ಮೂಲೆ ಹರಿಯದಂತೆ ರಿವೆಟ್ (ಲೋಹದ ಪುಟ್ಟ ಮೊಳೆ) ಹೊಡೆಯುವ ಉಪಾಯವನ್ನು ಕಂಡುಕೊಂಡ ಜೇಕಬ್ ಡೇವಿಸ್ ಕೂಡ ದರ್ಜಿಯೇ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆಗೂಡಿ ಅವರು ಅಮೆರಿಕದಲ್ಲಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಭಾರ ಬೀಳುವ ಕೆಳಗಿಸೆಗಳಿಗೆ ಮಾತ್ರ ರಿವೆಟ್ ಹಾಕಿಸಿ, ಅಲಂಕಾರಕ್ಕೆಂದು ಎದೆಯ ಮೇಲೆ ಬೇಡ. ಹೊಸದರಲ್ಲಿ ನೀಲಿ ಬಣ್ಣ ಬಿಡುತ್ತದೆಯಾದ್ದರಿಂದ ಬಿಳಿ ಅಂಗಿಯ ಮೇಲೆ ಧರಿಸುವ ಮುನ್ನ ಒಂದೆರಡು ಬಾರಿ ಪ್ರತ್ಯೇಕವಾಗಿ ಒಗೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪೆನ್ಸಿಲಿನ ಕಿಸೆಯನ್ನು ಎಡಗಡೆಯೇ ಇರಿಸುತ್ತೇನೆ.