ಅಜ್ಜನ ಜರ್ಮನ್ ಮೌಸರ್‌ಗೆ ಕಾಟ್ರಿಜ್ ಎಲ್ಲಿ ಸಿಗುತ್ತೆ?

ಕಾಫಿತೋಟ_ಕೊಡಗು: ಎಲ್ರಿಗೂ ನಮಸ್ಕಾರ. ನಮ್ಮ ಐನ್‌ಮನೇಲಿ, ಅಂದ್ರೆ ಕುಟುಂಬದ ಮೂಲ ಮನೇಲಿ, ಅಜ್ಜನ ಕಾಲದ ಜರ್ಮನ್ ಮೌಸರ್ ಇದೆ, ಕೈಯಿಂದ ಬೋಲ್ಟ್ ಹಿಂದೆ-ಮುಂದೆ ಎಳೆದು ಕಾಟ್ರಿಜ್ ತುಂಬೋ ರೈಫಲ್ಲು, ಶಿಕಾರಿಗೆ ಅಂತಲೇ ಮಾಡಿದ್ದು, ಮಿಲಿಟರಿದಲ್ಲ. ಕೊಡಗಲ್ಲಿ ಲೈಸನ್ಸ್ ಬದಲು ಕೊಡೋ ಎಕ್ಸೆಂಪ್ಶನ್ ಸರ್ಟಿಫಿಕೇಟಲ್ಲಿ '8 ಎಂಎಂ ರೈಫಲ್' ಅಂತಷ್ಟೇ ಇದೆ. ರೈಫಲ್ಲಿನ ಮರದ ಭಾಗ ಬಿಚ್ಚಿದ್ರೆ ಬ್ಯಾರಲ್ ಕೆಳಗೆ ಕಿರೀಟದ ಗುರುತು, ಪಕ್ಕದಲ್ಲಿ '3 29' ಅಂತ ಅಂಕಿ. ಪ್ರತಿ ಕೈಲ್‌ಪೊಳ್ದ್‌ಗೆ (ನಮ್ಮ ಆಯುಧ ಪೂಜೆ ಹಬ್ಬ) ಒರೆಸಿ ಎಣ್ಣೆ ಹಾಕಿ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡ್ತೀವಿ, ಆದ್ರೆ ಹೊಡೆಯೋಕೆ ಕಾಟ್ರಿಜ್ಜೇ ಇಲ್ಲ. ಅಂಗಡಿಯವ್ರು .315 ತಗೊಳ್ಳಿ, ಅದೂ 8 ಎಂಎಂ ತಾನೇ ಅಂತಾರೆ. ಹಾಕ್ಬಹುದಾ?

ಹಳೇಕೋವಿ: ದಯವಿಟ್ಟು ಬೇಡ ಅಣ್ಣ. ನಮ್ಮ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಾಡೋ .315 ಹಳೇ ಆಸ್ಟ್ರಿಯನ್ ಮ್ಯಾನ್‌ಲಿಕರ್ ಕಾಟ್ರಿಜ್‌ನ ವಂಶದ್ದು, ಕೇಸ್ (ಹಿತ್ತಾಳೆ ಕೊಳವೆ) 50 ಎಂಎಂ ಉದ್ದ, ಹಿಂದೆ ಹೊರಗೆ ಚಾಚಿದ ಅಗಲವಾದ ರಿಮ್ (ಅಂಚು) ಬೇರೆ. ಮೌಸರ್‌ದು ಸಾಮಾನ್ಯವಾಗಿ 57 ಎಂಎಂ, ಅಂಥ ರಿಮ್ ಇಲ್ಲ. ಎರಡರ ಮೇಲೂ 8 ಅಂತ ಇದ್ದ ಮಾತ್ರಕ್ಕೆ ಒಂದೇ ಆಗಲ್ಲ.

ಹಾಸನದ_ಗೌಡ್ರು: ಸ್ವಲ್ಪ ಕೆತ್ತಿದ್ರೆ ಕೂರುತ್ತೆ ಕಣ್ರೀ, ನಮ್ಮ ಕಡೆ ಒಬ್ರು ಮೇಸ್ತ್ರಿ ಮಾಡಿಕೊಡ್ತಿದ್ರು. ಕಾಟ್ರಿಜ್ ಇಲ್ದೆ ಇರೋ ಕೋವಿ ಬರೀ ಕಬ್ಬಿಣ ಅಲ್ವಾ?

ಹಳೇಕೋವಿ: ಗೌಡ್ರೇ, ಬೋಲ್ಟ್ ಹಿಂದೆ ಇರೋದು ಹೊಡೆಯೋನ ಕಣ್ಣು. ಕೇಸ್‌ಗೆ ಚೇಂಬರ್ (ಕಾಟ್ರಿಜ್ ಕೂರೋ ಜಾಗ) ಸರಿಯಾದ ಆಸರೆ ಕೊಡದೆ ಹಿತ್ತಾಳೆ ಹರಿದ್ರೆ ಅಷ್ಟೂ ಗ್ಯಾಸ್ ಹಿಂದಕ್ಕೇ ಬರೋದು. ಅದೂ ಅಲ್ದೆ ಲೈಸನ್ಸ್ ಇಲ್ದ ಮೇಸ್ತ್ರಿ ಹತ್ರ ಕೋವಿ ಬದಲಾಯಿಸೋದು ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ಸಿಕ್ಕಿಬಿದ್ರೆ ಮೇಸ್ತ್ರಿ ಜೊತೆ ಮಾಲೀಕನೂ ಹೋಗ್ತಾನೆ.

ಬವೇರಿಯಾ_ಕನ್ನಡಿಗ: ನಾನು ಇಲ್ಲಿ ಮ್ಯೂನಿಕ್ ಹತ್ರ ಇರೋದು, ಬೇಟೆ ಲೈಸನ್ಸ್ ಇದೆ, ನಂದೂ ಯುದ್ಧಕ್ಕಿಂತ ಮುಂಚಿನ ಮೌಸರ್ರೇ. ಆ '3 29' ಅಂದ್ರೆ ಬಹುಶಃ ಪ್ರೂಫ್ ಹೌಸ್‌ನಲ್ಲಿ ಪರೀಕ್ಷೆ ಆದ ತಿಂಗಳು-ವರ್ಷ, ಮಾರ್ಚ್ 1929. ಆದ್ರೆ ನೀವು ಇದಕ್ಕಿಂತ ದೊಡ್ಡ ವಿಷಯ ಒಂದು ನೋಡ್ಬೇಕು. 8x57ರಲ್ಲೇ, ಅಂದ್ರೆ 57 ಎಂಎಂ ಕೇಸಿನ 8 ಎಂಎಂ ಮೌಸರ್ ಕಾಟ್ರಿಜ್ಜಲ್ಲೇ, ಎರಡು ಜಾತಿ ಇದೆ. 1888ರ ಮಿಲಿಟರಿ ರೈಫಲ್‌ಗೆ ಬಂದ ಬುಲೆಟ್ಟು ಸುಮಾರು 8.08 ಎಂಎಂ ದಪ್ಪ, ಆಮೇಲೆ 1905ರ ಹೊತ್ತಿಗೆ ಸೈನ್ಯಕ್ಕೆ ಬಂದ ಚೂಪು ಬುಲೆಟ್ಟು 8.20. ಸೈನ್ಯ ಬದಲಾಯಿಸಿಕೊಂಡ್ರೂ ಶಿಕಾರಿ ರೈಫಲ್‌ಗಳನ್ನ ಇನ್ನೂ ಎಷ್ಟೋ ವರ್ಷ ಹಳೇ ಸಣ್ಣ ಬೋರಲ್ಲೇ (ಬ್ಯಾರಲ್ ಒಳಗಿನ ಅಗಲ) ಮಾಡ್ತಿದ್ರು, ಹಾಗಾಗಿ 1929ರದ್ದು ಯಾವುದಾದ್ರೂ ಆಗಿರಬಹುದು. ದಪ್ಪ ಬುಲೆಟ್ಟನ್ನ ಸಣ್ಣ ಬೋರಲ್ಲಿ ಹೊಡೆದ್ರೆ ಪ್ರೆಶರ್ ಏರುತ್ತೆ, ಅಮೆರಿಕದ ಕಂಪನಿಗಳು 8 ಎಂಎಂ ಮೌಸರ್ ಕಾಟ್ರಿಜ್‌ನ ಇವತ್ತಿಗೂ ಮೆತ್ತಗೆ ಲೋಡ್ ಮಾಡೋದು ಈ ಭಯಕ್ಕೇ. ಮೆದು ಸೀಸದ ಉಂಡೆಯನ್ನ ಖಾಲಿ ಬ್ಯಾರಲ್‌ನಲ್ಲಿ ಮರದ ಕಡ್ಡಿಯಿಂದ ತಳ್ಳಿ ಈಚೆ ತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ, ಗುರುತು ನೋಡಿ ಊಹೆ ಮಾಡ್ಬೇಡಿ. ಇಲ್ಲಿ ಅಂಗಡೀಲಿ ಎರಡೂ ಬೇರೆ ಬೇರೆ ಡಬ್ಬಿಯಲ್ಲಿ ಸಿಗುತ್ತೆ.

ಕಾಫಿತೋಟ_ಕೊಡಗು: ಹಾಗಾದ್ರೆ ಸಾರ್, ಊರಿಗೆ ಬರುವಾಗ ನೀವೇ ಒಂದು ಡಬ್ಬಿ...

ಬವೇರಿಯಾ_ಕನ್ನಡಿಗ: ಖಂಡಿತ ಆಗಲ್ಲ ಅಣ್ಣ, ಬೇಜಾರು ಮಾಡ್ಕೋಬೇಡಿ. ಬ್ಯಾಗಲ್ಲಿ ಒಂದೇ ಒಂದು ತೋಟೆ ಸಿಕ್ಕಿದ್ರೂ ಏರ್‌ಪೋರ್ಟಲ್ಲಿ ಕೇಸು.

ಮಳೆಕಾಡು: ಅಜ್ಜನ ಪೆಟ್ಟಿಗೇಲಿ ಹಳೇ ಕಾಟ್ರಿಜ್ ಉಳಿದಿದ್ಯಾ? ಇದ್ರೆ ಅದನ್ನೂ ಹೊಡೀಬೇಡಿ. ಹಿತ್ತಾಳೆ ಬಿರುಕು ಬಿಟ್ಟಿರಬಹುದು, ಟ್ರಿಗರ್ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಸಿಡಿಯೋದೂ ಉಂಟು. ಜೊತೆಗೆ ಹಳೇ ಪ್ರೈಮರ್ (ಕಾಟ್ರಿಜ್ ಹಿಂದೆ ಕಿಡಿ ಹೊತ್ತಿಸೋ ಭಾಗ) ಬಿಟ್ಟ ಉಪ್ಪು ನಮ್ಮ ಮಳೆಗಾಲದ ತೇವ ಹೀರ್ಕೊಂಡು ಬ್ಯಾರಲ್ ತಿಂದುಬಿಡುತ್ತೆ, ಬರೀ ಎಣ್ಣೆಯಿಂದ ಅದು ಹೋಗಲ್ಲ, ಮೊದಲು ಬಿಸಿನೀರೇ ಬೇಕು. ಚರ್ಮದ ಕವರ್‌ನಲ್ಲಿ ಇಟ್ಟಿದ್ರೆ ಇವತ್ತೇ ಈಚೆ ತೆಗೀರಿ, ಆಗಸ್ಟ್ ತಿಂಗಳಲ್ಲಿ ಅದರಷ್ಟು ತುಕ್ಕು ಹಿಡಿಸೋದು ಬೇರೆ ಇಲ್ಲ.

ಹಾಸನದ_ಗೌಡ್ರು: ಇಷ್ಟೆಲ್ಲಾ ಕಷ್ಟ ಯಾಕೆ? ಪೊಲೀಸ್ ಸ್ಟೇಷನ್‌ಗೆ ಕೊಟ್ಟು ನಿಶ್ಚಿಂತೆಯಾಗಿರಿ. ಹೇಗೂ ಈಗ ಶಿಕಾರಿನೇ ಬಂದ್.

ಮಳೆಕಾಡು: ಶಿಕಾರಿಗೆ ಅಲ್ಲ ಗೌಡ್ರೇ. ನಮ್ಮ ಕೊಡವರಲ್ಲಿ ಗಂಡುಮಗು ಹುಟ್ಟಿದ್ರೆ ಒಂದು ಈಡು, ಸಾವಾದ್ರೆ ಎರಡು. ಆ ಕೆಲಸಕ್ಕೆ ಮನೇಲಿರೋ 12 ಬೋರ್ ಕೋವಿ ಸಾಕು, ಅದರ ಕಾಟ್ರಿಜ್ ಧಾರಾಳ ಸಿಗುತ್ತೆ. ಆದ್ರೆ ಅಜ್ಜ ಹೆಗಲ ಮೇಲೆ ಹೊತ್ತ ರೈಫಲ್ಲನ್ನ ಸ್ಟೇಷನ್ ಮೂಲೇಲಿ ತುಕ್ಕು ಹಿಡಿಯೋಕೆ ಬಿಡೋದು ಅಂದ್ರೆ ನನಗಂತೂ ಹೊಟ್ಟೆ ಉರಿಯುತ್ತೆ. ಸರ್ಟಿಫಿಕೇಟ್ ಸರಿ ಇದ್ರೆ ಇಟ್ಕೊಳ್ಳೋಕೆ ಯಾವ ಅಡ್ಡಿನೂ ಇಲ್ಲ.

ಹಳೇಕೋವಿ: ನನ್ನ ಮಾತೂ ಅದೇ. ಮೊದಲು ಲೈಸನ್ಸ್ ಇರೋ ಗನ್‌ಸ್ಮಿತ್ ಹತ್ರ ಬೋರ್ ಅಳೆಸಿ ಬರೆದಿಟ್ಕೊಳ್ಳಿ. ಆಮೇಲೆ ಲೈಸನ್ಸ್ ಇರೋ ಡೀಲರ್‌ಗಳ ಹತ್ರ ಅದೇ ಅಳತೆ ಹೇಳಿ ವಿಚಾರಿಸಿ, '8 ಎಂಎಂ' ಅಂತ ಮಾತ್ರ ಕೇಳ್ಬೇಡಿ, ಮತ್ತೆ .315 ಡಬ್ಬೀನೇ ಮುಂದೆ ಇಡ್ತಾರೆ. ಸಿಗದಿದ್ರೆ ಖಾಲಿ ಇರ್ಲಿ.

ಕಾಫಿತೋಟ_ಕೊಡಗು: ಆಯ್ತು ಅಣ್ಣ. ಚರ್ಮದ ಕವರ್‌ನಲ್ಲೇ ಇತ್ತು, ಈಗಷ್ಟೇ ತೆಗೆದೆ. ಅಳತೆ ಮಾಡಿಸಿ ಬಂದ ಮೇಲೆ ಇಲ್ಲೇ ಹಾಕ್ತೀನಿ.