ವಿಡಿಯೊ ಎಡಿಟಿಂಗ್‌ಗೆ 14 ಇಂಚೋ, 16 ಇಂಚೋ? ದಾವಣಗೆರೆ, ಚಿತ್ರದುರ್ಗದವರು ಅನುಭವ ಹೇಳಿ

ಹರಿಹರ ಪ್ರಯಾಣಿಕ: ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ, ಬಿಡುವಿನಲ್ಲಿ ಲಗ್ನಪತ್ರಿಕೆ, ಬ್ಯಾನರ್ ವಿನ್ಯಾಸ. ದಿನವೂ ಹರಿಹರದಿಂದ ದಾವಣಗೆರೆಗೆ ಬಸ್ಸು, ಬಹುಪಾಲು ನಿಂತೇ ಪ್ರಯಾಣ. ಕೈಯಲ್ಲಿ 80,000 ರೂಪಾಯಿ ಇದೆ. ಲ್ಯಾಪ್‌ಟಾಪ್ ಪರದೆ 14, 15.6, 16 ಇಂಚುಗಳಲ್ಲಿ ಯಾವುದು ಸರಿ? ಬಳಸಿದವರು ಹೇಳಿ.

ಬೆಣ್ಣೆನಗರಿ ಕ್ಯಾಮೆರಾ: ಇಂಚಿನ ಮಾತು ಆಮೇಲೆ. ನಾನು 15.6 ಇಂಚಿನದನ್ನು 72,500ಕ್ಕೆ ತಂದೆ. ಅಂಗಡಿಯವನು ಗ್ರಾಫಿಕ್ಸ್ ಕಾರ್ಡಿನ ಮಹಿಮೆಯನ್ನು ಬಾಯಿ ತುಂಬ ಕೊಂಡಾಡಿದ. ಪರದೆ ಬರೀ 45% ಎನ್‌ಟಿಎಸ್‌ಸಿ (ಪರದೆ ಎಷ್ಟು ಬಣ್ಣ ತೋರುತ್ತದೆ ಎಂಬುದರ ಒಂದು ಅಳತೆ), ಅಂದರೆ ಫೋಟೊ, ವೆಬ್ಬಿಗೆ ಬಳಸುವ ಸಾಮಾನ್ಯ ಬಣ್ಣಗಳ ಗುಂಪಾದ ಎಸ್‌ಆರ್‌ಜಿಬಿಯ ಮೂರನೇ ಒಂದು ಪಾಲು ಬಣ್ಣ ಅದರಲ್ಲಿ ಬರುವುದೇ ಇಲ್ಲ ಎಂಬ ಸಂಗತಿಯನ್ನು ಮಾತ್ರ ನುಂಗಿಕೊಂಡ. ಮೊದಲ ಆಲ್ಬಮ್‌ನಲ್ಲೇ ಗ್ರಹಚಾರ ಕಾದಿತ್ತು. ಧಾರೆ ಸೀರೆಯ ಕೆಂಪು ಪರದೆಯಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಯಾರಾದರೂ ಏನು ಮಾಡುತ್ತಾರೆ? ಕೆಂಪನ್ನು ಏರಿಸುತ್ತಾರೆ. ಲ್ಯಾಬಿನಿಂದ 12×36 ಇಂಚಿನ ಹಾಳೆಗಳು ಬಂದಾಗ ಜರಿಯ ಅಂಚು ಕೆಂಪಿನಲ್ಲಿ ಮುಳುಗಿಹೋಗಿತ್ತು. ಹುಡುಗಿಯ ಕಡೆಯವರು ಆಲ್ಬಮ್ಮನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋದರು. ಮರುಮುದ್ರಣಕ್ಕೆ 6,400. ಪರದೆ ಬದಲಿಸಲು 8,200. ಅದರಲ್ಲೂ ರಿಪೇರಿಯವನು ಮೊದಲು 30 ಪಿನ್ನಿನ ಪ್ಯಾನೆಲ್ ತಂದು ಕೂರಿಸಲು ಹೊರಟ. ನನ್ನದು 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಹೊಸದಾಗುವಂಥದ್ದು), ಅದರ ಕೇಬಲ್ 40 ಪಿನ್ನಿನದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ವಾಪಸ್ಸು ಕಳುಹಿಸಿ ಬೇರೆಯದನ್ನು ತರಿಸಲು ಕೊರಿಯರ್ 700. ಒಟ್ಟು 87,800. ವಾರಂಟಿಯೂ ಹೋಯಿತು.

ಕೋಟೆಬಾಗಿಲು: ಚಿತ್ರದುರ್ಗದಿಂದ. ನನ್ನದು 14 ಇಂಚು, ಓಎಲ್‌ಇಡಿ, 2880×1800. ಕೊಟ್ಟದ್ದು 84,990, ಒಂದು ರೂಪಾಯಿಗೂ ಬೇಸರವಿಲ್ಲ. ವಿಂಡೋಸ್‌ನಲ್ಲಿ ಸ್ಕೇಲಿಂಗ್ (ಅಕ್ಷರ, ಗುಂಡಿಗಳನ್ನು ಹಿಗ್ಗಿಸಿ ತೋರಿಸುವುದು) 150 ಪ್ರತಿಶತ ಇಟ್ಟರೆ 1920×1200ರಷ್ಟು ಜಾಗ ಸಿಗುತ್ತದೆ. 15.6ರ ಪೂರ್ಣ ಎಚ್‌ಡಿ ಪರದೆಯನ್ನು 125ಕ್ಕೆ ಇಟ್ಟುಕೊಂಡವರಿಗೆ ಸಿಗುವುದು 1536×864. ದೊಡ್ಡ ಪರದೆಯವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ. ಮದುವೆಗೆ ಮುಂಚಿನ ಚಿತ್ರೀಕರಣಕ್ಕೆಂದು ವಾಣಿವಿಲಾಸ ಸಾಗರಕ್ಕೆ ಹೋದಾಗ ಕಾರಿನ ಬಾನೆಟ್ ಮೇಲಿಟ್ಟುಕೊಂಡೇ ಕಾರ್ಡ್ ಖಾಲಿ ಮಾಡುತ್ತೇನೆ. ಬಿಸಿಲಿನಲ್ಲಿ ಹೊಳೆಯುವ ಪರದೆ ಕನ್ನಡಿಯಾಗುತ್ತದೆ, ನಿಜ. ಅದಕ್ಕೆ 650 ಕೊಟ್ಟು ಮ್ಯಾಟ್ ಹಾಳೆ ಅಂಟಿಸಿದೆ; ಚಿತ್ರವೆಲ್ಲ ಮರಳು ಮರಳಾಯಿತು, ಕಿತ್ತು ಎಸೆದೆ. ಮನೆಯಲ್ಲಿ 24 ಇಂಚಿನ ಮಾನಿಟರ್ 10,300, ಸ್ಟ್ಯಾಂಡ್ 900, ಕೀಲಿಮಣೆ ಮತ್ತು ಮೌಸ್ 1,450. ಇಷ್ಟೇ.

ಬೆಣ್ಣೆನಗರಿ ಕ್ಯಾಮೆರಾ: ಮನೆಯಲ್ಲಿ 24 ಇಂಚು ಇಟ್ಟುಕೊಂಡು 14 ಸಾಕು ಎನ್ನುವುದು ಹೊಟ್ಟೆ ತುಂಬ ಉಂಡು ಬಂದು ಉಪವಾಸದ ಮಹಿಮೆ ಹೇಳಿದ ಹಾಗಾಯಿತು. ನಿಮ್ಮ ಲೆಕ್ಕ ಕೂಡಿ: 98,290.

ಕೋಟೆಬಾಗಿಲು: ಕೂಡಲು ನನಗೂ ಬರುತ್ತದೆ. ನನ್ನ ಆಲ್ಬಮ್ ವಾಪಸ್ಸು ಬಂದಿಲ್ಲ.

ವಿದ್ಯಾನಗರದ ಅಕ್ಕ: ಇಬ್ಬರೂ ಸ್ವಲ್ಪ ಸುಮ್ಮನಿರಿ. ನಾನು 16 ಇಂಚು ಬಳಸುತ್ತೇನೆ. '15.6ಕ್ಕೂ 16ಕ್ಕೂ ಕೂದಲೆಳೆಯ ವ್ಯತ್ಯಾಸ ಮೇಡಂ, ಸುಮ್ಮನೆ ಯಾಕೆ ಹೆಚ್ಚು ಕೊಡುತ್ತೀರಿ' ಎಂದು ಅಂಗಡಿಯಲ್ಲಿ ಹೇಳಿದಾಗ ಬ್ಯಾಗಿನಲ್ಲಿದ್ದ ಬ್ಲೌಸ್ ಅಳತೆಯ ಟೇಪನ್ನು ತೆಗೆದು ಅಲ್ಲೇ ಅಳೆದೆ. 16:9ರ (ಅಗಲ 16 ಪಾಲಾದರೆ ಎತ್ತರ 9 ಪಾಲು) 15.6 ಪರದೆ 34.5 ಸೆಂ.ಮೀ. ಅಗಲ, 19.4 ಎತ್ತರ. 16:10ರ 16 ಇಂಚಿನದೂ 34.5 ಅಗಲವೇ, ಎತ್ತರ ಮಾತ್ರ 21.5. ಹುಡುಗ ಬಾಯಿ ಮುಚ್ಚಿದ. ಆ ಎರಡು ಸೆಂಟಿಮೀಟರಿನಲ್ಲಿ ನನ್ನ ಟೈಮ್‌ಲೈನಿಗೆ ಇನ್ನೆರಡು ಟ್ರ್ಯಾಕ್ ಸೇರುತ್ತವೆ: ವಾಲಗ ಒಂದು, ಪುರೋಹಿತರ ಮೈಕ್ ಒಂದು. ಮೊದಲು ಇವೆರಡಕ್ಕೂ ಮೇಲೆ ಕೆಳಗೆ ಸುರುಳಿ ತಿರುಗಿಸಿಯೇ ಬೆರಳು ಸೋತಿತ್ತು. ರೀಲ್ಸ್‌ನ ನಿಂತ ಚೌಕಟ್ಟೂ ದೊಡ್ಡದಾಗಿ ಕಾಣುತ್ತದೆ. ಖರ್ಚು: 91,000, ಹಳೆಯ ಚೀಲದ ಜಿಪ್ಪು ಮೂಲೆಯಲ್ಲಿ ನಿಲ್ಲುತ್ತದೆ ಎಂದು ಹೊಸ ಚೀಲಕ್ಕೆ 1,750. ತೂಕ 2.1 ಕೆ.ಜಿ., ಚಾರ್ಜರ್ ಬೇರೆ.

ಅಶೋಕ ರಸ್ತೆ ಡಿಟಿಪಿ: ಅಮ್ಮಾ, ಎತ್ತರ ಕಟ್ಟಿಕೊಂಡು ಏನು ಮಾಡುತ್ತೀರಿ? ಆಲ್ಬಮ್ ಹಾಳೆ 12×36, ಎತ್ತರಕ್ಕಿಂತ ಅಗಲ ಮೂರು ಪಟ್ಟು. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, 10800×3600 ಪಿಕ್ಸೆಲ್. 1920ರ ಪರದೆಯಲ್ಲಿ ಅದನ್ನು ಇಡಿಯಾಗಿ ನೋಡಬೇಕೆಂದರೆ 18 ಪ್ರತಿಶತಕ್ಕೂ ಕೆಳಗೆ ಇಳಿಸಬೇಕು. ಅಲ್ಲಿ ಕೆಲಸಕ್ಕೆ ಬರುವುದು ಅಗಲವೇ. ನನ್ನ 17.3 ಇಂಚಿನದು 38 ಸೆಂಟಿಮೀಟರಿಗೂ ಮೇಲೆ ಅಗಲವಿದೆ. ಇನ್ನು ಲಗ್ನಪತ್ರಿಕೆ. ಹಿಂದಿನ ಸಣ್ಣ ಪರದೆಯಲ್ಲಿ ಒಂಬತ್ತು ಪಾಯಿಂಟಿನ ಸಾಲಿನಲ್ಲಿ 'ಜ್ಯೇಷ್ಠ ಪುತ್ರಿ'ಯ ಠಕಾರದ ಒತ್ತು ಬಿದ್ದುಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಕರಡಿಗೆ ಸಹಿ ಹಾಕಿದ್ದೇ ಹುಡುಗಿಯ ಸೋದರಮಾವ. ಆದರೂ 500 ಕಾರ್ಡು ಮತ್ತೆ ಮುದ್ರಿಸಿಕೊಟ್ಟೆ, 4,750. ಆಮೇಲೆ 1,04,000 ಕೊಟ್ಟು 17.3 ತಂದೆ. ಹಿಂಜ್ ಒಮ್ಮೆ ಮುರಿಯಿತು, 3,200. ತೂಕ 2.9, ಚಾರ್ಜರ್ 800 ಗ್ರಾಂ. ಹೆಗಲು ಇರುವುದೇ ಹೊರುವುದಕ್ಕೆ.

ಕೋಟೆಬಾಗಿಲು: ಝೂಮ್ ಎಂಬುದೊಂದು ಇದೆ ಸ್ವಾಮಿ. ಒತ್ತು ಬಿದ್ದದ್ದು ಪರದೆಯಿಂದಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ತುಂಡುಗಳನ್ನು ಕೂರಿಸಿದ ಹಳೆಯ ಆಸ್ಕಿ ಫಾಂಟುಗಳನ್ನು ನೀವು ಇನ್ನೂ ಬಿಡದೆ ಕೂತಿರುವುದರಿಂದ. ಕನ್ನಡಕ್ಕೆ ತನ್ನದೇ ಸಂಕೇತವಿರುವ ಯುನಿಕೋಡ್ ಬಳಸಿ.

ಅಶೋಕ ರಸ್ತೆ ಡಿಟಿಪಿ: ಯುನಿಕೋಡಿನಲ್ಲಿ ಲಗ್ನಪತ್ರಿಕೆಗೆ ಒಪ್ಪುವ ಅಲಂಕಾರದ ಅಕ್ಷರ ಎಷ್ಟಿವೆ, ಎಣಿಸಿ ಹೇಳಿ. ಗಿರಾಕಿ ಹಳೆಯ ಕಾರ್ಡು ತಂದು 'ಇದೇ ಅಕ್ಷರ ಬೇಕು' ಎನ್ನುತ್ತಾನೆ. ನಿಮ್ಮ ಯುನಿಕೋಡಿನ ಕಡತವನ್ನು ಫೋಟೊಶಾಪ್‌ನಲ್ಲಿ ತೆರೆದರೆ ಒತ್ತಕ್ಷರವೆಲ್ಲ ಪಕ್ಕಕ್ಕೆ ಬಂದು ಸಾಲಾಗಿ ನಿಲ್ಲುತ್ತದೆ.

ವಿದ್ಯಾನಗರದ ಅಕ್ಕ: ಟೈಪ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಂಡರೆ ನಿಲ್ಲುವುದಿಲ್ಲ. ಮತ್ತೆ, ನನ್ನನ್ನು ಅಮ್ಮಾ ಎನ್ನುವಷ್ಟು ವಯಸ್ಸು ನನಗಾಗಿಲ್ಲ, ನಿಮಗಿಂತ ಚಿಕ್ಕವಳೇ ಇರಬೇಕು.

ಡೆಸ್ಕ್‌ಟಾಪ್ ಪಕ್ಷ: ಇಷ್ಟೆಲ್ಲ ಓದಿ ನಗು ಬಂತು. 27 ಇಂಚಿನ ಮಾನಿಟರ್, 2560×1440, ನನಗೆ ಬಿದ್ದದ್ದು 17,800. ಸಿಪಿಯು ಕಟ್ಟಿಸಿದ್ದಕ್ಕೆ 58,000. ನಿಮ್ಮ ಯಾವ ಇಂಚೂ ಇದರ ಹತ್ತಿರ ಸುಳಿಯುವುದಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಯಾರು ಎಡಿಟ್ ಮಾಡುತ್ತಾರೆ?

ಬೆಣ್ಣೆನಗರಿ ಕ್ಯಾಮೆರಾ: ಕರೆಂಟು ಹೋದಾಗ ನಿಮ್ಮ ರೆಂಡರ್, ಅಂದರೆ ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡುವ ಕೆಲಸ, ಏನಾಗುತ್ತದೆ ಎಂಬುದನ್ನೂ ನಗುತ್ತಲೇ ಹೇಳಿ.

ಡೆಸ್ಕ್‌ಟಾಪ್ ಪಕ್ಷ: ಯುಪಿಎಸ್ ಇದೆ, 5,900.

ಬೆಣ್ಣೆನಗರಿ ಕ್ಯಾಮೆರಾ: ಆ ಪೆಟ್ಟಿಗೆ ಎಷ್ಟು ನಿಮಿಷ ತಡೆಯುತ್ತದೆ? ಗ್ರಾಫಿಕ್ಸ್ ಕಾರ್ಡ್ ಪೂರ್ತಿ ದುಡಿಯುವಾಗ ಹೇಳಿ, ಸುಮ್ಮನೆ ಕುಳಿತಿರುವಾಗ ಅಲ್ಲ.

ಡೆಸ್ಕ್‌ಟಾಪ್ ಪಕ್ಷ: ಫೈಲ್ ಉಳಿಸಿ ಆಫ್ ಮಾಡುವಷ್ಟು ಹೊತ್ತು. ಅದಕ್ಕೇ ಇರುವುದು ಅದು. ಬ್ಯಾಟರಿ ಹೋಗಿ ಹೊಸದು ಹಾಕಿಸಿದ್ದು 1,300, ಅದನ್ನೂ ಬರೆದುಕೊಳ್ಳಿ, ನಿಮಗೆ ಲೆಕ್ಕದ ಹುಚ್ಚು.

ಹರಿಹರ ಪ್ರಯಾಣಿಕ: ಎಲ್ಲರಿಗೂ ಧನ್ಯವಾದ. ಆದರೆ ನನ್ನ ಕೈಯಲ್ಲಿರುವುದು 80,000. ನಿಂತು ಪ್ರಯಾಣಿಸುವ ವಿಷಯವನ್ನೂ ಕೇಳಿದ್ದೆ.

ವಿದ್ಯಾನಗರದ ಅಕ್ಕ: ತಮ್ಮ, 16 ಇಂಚು ತೆಗೆದುಕೊಂಡು ಚೀಲವನ್ನು ಎರಡೂ ಹೆಗಲಿಗೆ ಹಾಕು, ಒಂದೇ ಹೆಗಲಿಗೆ ಬೇಡ. 80,000ದೊಳಗೆ 16:10ರದು ಸಿಗುತ್ತದೆ. ಪೆಟ್ಟಿಗೆಯ ಮೇಲೆ 100% ಎಸ್‌ಆರ್‌ಜಿಬಿ ಎಂದು ಇರದಿದ್ದರೆ ಅಲ್ಲಿಂದ ಎದ್ದು ಬಾ.

ಕೋಟೆಬಾಗಿಲು: 2.1 ಕೆ.ಜಿ. ಜೊತೆಗೆ ಚಾರ್ಜರ್, ಊಟದ ಡಬ್ಬಿ, ನೀರು. ಬೆಳಗಿನ ಹರಿಹರ ಬಸ್ಸಿನಲ್ಲಿ. ಅಕ್ಕ ಕಾರಿನಲ್ಲಿ ಓಡಾಡುತ್ತಾರೆ ಎಂದು ಕಾಣುತ್ತದೆ.

ವಿದ್ಯಾನಗರದ ಅಕ್ಕ: ಸ್ಕೂಟಿ. ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಡುವವರು ಕಾರಿನ ಮಾತು ಎತ್ತಬಾರದು.

ಅಶೋಕ ರಸ್ತೆ ಡಿಟಿಪಿ: ಹರಿಹರದವರೇ, ನನ್ನ 17.3 ಕೊಡುವ ಯೋಚನೆ ಇದೆ. ಹಿಂಜ್ ಹೊಸದು. 62,000.

ಬೆಣ್ಣೆನಗರಿ ಕ್ಯಾಮೆರಾ: ಹೆಗಲು ಇರುವುದೇ ಹೊರುವುದಕ್ಕೆ ಎಂದವರು ಈಗ ಇಳಿಸುತ್ತಿರುವುದೇಕೆ?

ಅಶೋಕ ರಸ್ತೆ ಡಿಟಿಪಿ: ನಿಮ್ಮನ್ನು ಕೇಳಲಿಲ್ಲ.

ಡೆಸ್ಕ್‌ಟಾಪ್ ಪಕ್ಷ: ಪ್ಯಾನೆಲ್ 45 ಪ್ರತಿಶತ ಎನ್‌ಟಿಎಸ್‌ಸಿಯದ್ದೋ, ಎಸ್‌ಆರ್‌ಜಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತೋರುವ 72ರದ್ದೋ? ಬಿಲ್ ಇದೆಯೇ? 48,000ಕ್ಕಾದರೆ ನಾನೇ ಬಂದು ನೋಡುತ್ತೇನೆ.