ಪಾಠ ರೆಕಾರ್ಡ್ ಮಾಡುವಾಗ ಪ್ರೊಸೆಸರ್ ಫ್ಯಾನ್ ಸದ್ದು: ಯಾವ ಕೂಲರ್ ಹಾಕಿಸಲಿ?

ಪ್ರಶ್ನೆ: ನಮಸ್ಕಾರ ಸರ್, ದಾವಣಗೆರೆಯಿಂದ. ಪಿಯುಸಿ ಮಕ್ಕಳಿಗೆ ಗಣಿತದ ಪಾಠ ರೆಕಾರ್ಡ್ ಮಾಡಿ ಕಳಿಸುತ್ತೇನೆ. ನನ್ನ ಡೆಸ್ಕ್‌ಟಾಪ್‌ನಲ್ಲಿರುವುದು ಇಂಟೆಲ್ ಐ5-12400, ಅದರ ಜೊತೆಗೇ ಬಂದ ಕೂಲರ್. ಮೊದಲು ತೊಂದರೆ ಇರಲಿಲ್ಲ. ಈಗ ರೆಕಾರ್ಡಿಂಗ್ ಶುರು ಮಾಡಿದ ಕೂಡಲೇ ಫ್ಯಾನ್ ಬುರ್ ಅಂತ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಮೈಕ್‌ನಲ್ಲೆಲ್ಲ ಅದೇ ಸದ್ದು. ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ, ಮಸಿ, ಧೂಳು ಜಾಸ್ತಿ. ಅಂಗಡಿಯವರು ಲಿಕ್ವಿಡ್ ಕೂಲರ್ (ದ್ರವ ಹರಿಸಿ ತಂಪು ಮಾಡುವಂಥದ್ದು) ಹಾಕಿಸಿ ಅಂತಾರೆ. ಬೇಕೇ ಬೇಕಾ? ಬಜೆಟ್ ಎರಡು ಸಾವಿರದೊಳಗೆ.

ಉತ್ತರ: ಮೇಡಂ, ಲಿಕ್ವಿಡ್ ಕೂಲರ್ ಬೇಡ. ಅದರಲ್ಲೂ ಫ್ಯಾನ್ ಇರುತ್ತದೆ, ಜೊತೆಗೆ ಪಂಪ್ ಸದ್ದು ಬೇರೆ. ನಿಮ್ಮ ಪ್ರೊಸೆಸರ್ ಮಾಮೂಲಿಗೆ 65 ವ್ಯಾಟ್, ಟರ್ಬೋದಲ್ಲಿ, ಅಂದರೆ ಭಾರದ ಕೆಲಸಕ್ಕೆ ವೇಗ ಏರಿಸಿಕೊಂಡಾಗ, ಹೆಚ್ಚೆಂದರೆ 117 ವ್ಯಾಟ್. ಒಂದು ಒಳ್ಳೆ ಏರ್ ಕೂಲರ್‌ಗೆ ಇದು ಭಾರವೇನಲ್ಲ.

ದುಡ್ಡು ಹಾಕುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ. ಭಟ್ಟಿ ಕಡೆಯಿಂದ ರಿಪೇರಿಗೆ ಬರುವ ಮೆಷಿನ್‌ಗಳಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಫ್ಯಾನ್ ಮೇಲಿಂದ ಚೆನ್ನಾಗೇ ಕಾಣುತ್ತದೆ. ಬಿಚ್ಚಿದರೆ ಕೆಳಗೆ ಹೀಟ್‌ಸಿಂಕ್‌ನ (ಶಾಖ ಹೀರಿ ಹೊರಬಿಡುವ ಲೋಹದ ಭಾಗ) ರೆಕ್ಕೆಗಳ ನಡುವೆ ಮಸಿ, ಧೂಳು ಸೇರಿ ಕಂಬಳಿ ಥರ ಕೂತಿರುತ್ತದೆ. ಗಾಳಿ ಒಳಗೆ ಹೋಗುವುದೇ ಇಲ್ಲ. ಪ್ರೊಸೆಸರ್ ಬಿಸಿಯಾಗುತ್ತದೆ, ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಿ. ಗಾಳಿಗೆ ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಕೂಲರ್‌ನ ನಾಲ್ಕು ಮೂಲೆಯ ಪ್ಲಾಸ್ಟಿಕ್ ಪಿನ್‌ಗಳನ್ನೂ ಮುಟ್ಟಿ ನೋಡಿ. ಒಂದು ಪಿನ್ ಸರಿಯಾಗಿ ಕೂರದಿದ್ದರೂ ಆ ಮೂಲೆ ಎದ್ದಿರುತ್ತದೆ, ಅಷ್ಟಕ್ಕೇ ಶಾಖ ಏರುತ್ತದೆ. ಕೂಲರ್ ತೆಗೆದರೆ ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಶಾಖ ದಾಟಿಸುವ ಹಳೇ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಾಕಲೇಬೇಕು.

ಸದ್ದು ಬರುವುದು ಇದೇ ಫ್ಯಾನ್‌ನಿಂದಲಾ ಅಂತಲೂ ಖಚಿತ ಮಾಡಿಕೊಳ್ಳಿ. ಕರೆಂಟ್ ತೆಗೆದು, ಕ್ಯಾಬಿನೆಟ್ ಫ್ಯಾನ್‌ನ ವೈರ್ ಬಿಚ್ಚಿ, ಸ್ವಲ್ಪ ಹೊತ್ತು ಓಡಿಸಿ ಕೇಳಿ. ಪ್ರೊಸೆಸರ್ ಫ್ಯಾನ್ ವೈರ್ ಮಾತ್ರ ಬಿಚ್ಚಬೇಡಿ. ಸದ್ದು ಎಸ್‌ಎಂಪಿಎಸ್‌ನದಾದರೆ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬ) ಅದನ್ನು ನೀವು ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ.

ಪ್ರಶ್ನೆ: ಪಿನ್ ಸರಿ ಇವೆ ಸರ್. ಕ್ಲೀನ್ ಮಾಡಿ ಹೊಸ ಪೇಸ್ಟ್ ಹಾಕಿಸಿದೆ. ಅರ್ಧ ಕಡಿಮೆ ಆಯಿತು, ಆದರೆ ಮೈಕ್‌ಗೆ ಇನ್ನೂ ಕೇಳುತ್ತದೆ.

ಉತ್ತರ: ಹಾಗಾದರೆ ಕೂಲರ್ ಬದಲಾಯಿಸಿ. ಡಬ್ಬದ ಮೇಲಿನ ಡೆಸಿಬಲ್ ನಂಬರ್ ನೋಡಿ ತಗೋಬೇಡಿ. ಒಂದೊಂದು ಕಂಪನಿ ಒಂದೊಂದು ಥರ ಅಳೆಯುತ್ತದೆ. ಸದ್ದನ್ನು ನಿರ್ಧರಿಸುವುದು ಫ್ಯಾನ್‌ನ ವೇಗ. ಅದೇ ಫ್ಯಾನ್ ನಿಮಿಷಕ್ಕೆ 1800 ಸುತ್ತಿನಿಂದ 900ಕ್ಕೆ ಇಳಿದರೆ ಸುಮಾರು 15 ಡೆಸಿಬಲ್ ಕಡಿಮೆಯಾಗುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಅನಿಸುತ್ತದೆ. ಹಾಗಾಗಿ ನಿಧಾನವಾಗಿ ತಿರುಗಿದರೂ ಸಾಕಾಗುವಂಥ ಕೂಲರ್ ಬೇಕು. ಅಂದರೆ ದೊಡ್ಡ ಹೀಟ್‌ಸಿಂಕ್, ದೊಡ್ಡ ಫ್ಯಾನ್. 120 ಮಿ.ಮೀ. ಫ್ಯಾನ್, ನಾಲ್ಕು ಹೀಟ್‌ಪೈಪ್ (ಶಾಖ ಸಾಗಿಸುವ ಕೊಳವೆ) ಇರುವ, ಗೋಪುರದಂತೆ ನಿಲ್ಲುವ ಟವರ್ ಕೂಲರ್ ನಿಮ್ಮ ಬಜೆಟ್‌ನಲ್ಲೇ ಸಿಗುತ್ತದೆ. ಡೀಪ್‌ಕೂಲ್ ಎಜಿ400 ಅಂಥದ್ದೇ. ಅದರ ಎತ್ತರ 150 ಮಿ.ಮೀ., ಆದ್ದರಿಂದ ಪ್ರೊಸೆಸರ್‌ನ ಮೇಲ್ಮೈಯಿಂದ ಪಕ್ಕದ ಬಾಗಿಲವರೆಗೆ ಸ್ಕೇಲ್ ಇಟ್ಟು ಅಳೆದೇ ತನ್ನಿ. ಸಣ್ಣ ಕ್ಯಾಬಿನೆಟ್ ಆದರೆ ಬಾಗಿಲು ಮುಚ್ಚುವುದಿಲ್ಲ.

ಹೊಸ ಫ್ಯಾನ್‌ನ ವೈರ್‌ನಲ್ಲಿ ನಾಲ್ಕು ಪಿನ್ ಇರಲಿ. ಆಗ ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟ) ಪಿಡಬ್ಲ್ಯೂಎಂ ಅನ್ನುವ ಫ್ಯಾನ್ ನಿಯಂತ್ರಣದ ವಿಧಾನ ಆರಿಸಿ ವೇಗ ಹಿಡಿತದಲ್ಲಿಡಬಹುದು. ಪ್ರೊಸೆಸರ್ ಬಿಸಿ 60 ಡಿಗ್ರಿವರೆಗೆ ನಿಧಾನ, 80ರ ಹತ್ತಿರ ಪೂರ್ತಿ ಅಂತ ಇಡಿ. ಏರಿಳಿತ ತಡೆಯಲು ಸ್ಟೆಪ್ ಅಪ್ ಟೈಮ್ (ಫ್ಯಾನ್ ವೇಗ ಏರಲು ತೆಗೆದುಕೊಳ್ಳುವ ಸಮಯ) ಅನ್ನುವ ಆಯ್ಕೆ ಇದ್ದರೆ ಜಾಸ್ತಿ ಮಾಡಿ. ಮೈಕ್‌ಗೆ ಒಂದೇ ಸಮನೆ ಬರುವ ಸಣ್ಣ ಸದ್ದಿಗಿಂತ ಏರಿಳಿಯುವ ಸದ್ದೇ ಹೆಚ್ಚು ಕಾಟ. ಡಿಸೆಂಬರ್‌ನಲ್ಲಿ ಇಟ್ಟ ಸೆಟ್ಟಿಂಗ್ ಏಪ್ರಿಲ್‌ಗೆ ಆಗುವುದಿಲ್ಲ. ರೂಮಿನ ಬಿಸಿ 10 ಡಿಗ್ರಿ ಏರಿದರೆ ಪ್ರೊಸೆಸರ್‌ನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಮ್ಮೂರ ಬೇಸಿಗೆ ಗೊತ್ತಲ್ವಾ, ಆಗ ಇನ್ನೊಮ್ಮೆ ನೋಡಿ ಬದಲಾಯಿಸಿ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನನ್ನದೂ 12400. ನನ್ನ ಹತ್ತಿರ 1151 ಸಾಕೆಟ್‌ನ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಹಳೇ ಟವರ್ ಕೂಲರ್ ಸುಮ್ನೆ ಬಿದ್ದಿದೆ. ಅದನ್ನೇ ಹಾಕಬಹುದಾ?

ಉತ್ತರ: ಹಾಗೇ ಕೂರುವುದಿಲ್ಲ ತಮ್ಮಾ. 1151ರಲ್ಲಿ ಕೂಲರ್ ಬಿಗಿಯುವ ತೂತುಗಳ ಅಂತರ 75 ಮಿ.ಮೀ., ನಿನ್ನ 1700 ಸಾಕೆಟ್‌ನಲ್ಲಿ 78. ಎತ್ತರದಲ್ಲೂ ವ್ಯತ್ಯಾಸ ಇದೆ. ಎಳೆದು ಕೂರಿಸಿದರೆ ಒತ್ತಡ ಸರಿಯಾಗಿ ಬೀಳುವುದಿಲ್ಲ, ಬೋರ್ಡ್‌ಗೂ ಪೆಟ್ಟು. ಕೂಲರ್‌ನ ಮಾಡೆಲ್ ಹೆಸರು ಇಲ್ಲಿ ಹಾಕು, ಅದಕ್ಕೆ 1700ರ ಬ್ರಾಕೆಟ್ ಬೇರೆಯಾಗಿ ಸಿಗುತ್ತದಾ ಅಂತ ನೋಡಿ ಹೇಳುತ್ತೇನೆ.